ಜಕ್ಕಾಯನ ಲೆಕ್ಕ

ಧ್ಯಾನಕ್ಕೆ: ಲೂಕ 19:1-10



ಜೆರಿಕೋ ಪಟ್ಟಣದ ಸುಂಕದವರ ಮುಖಂಡ ಜಕ್ಕಾಯನನ್ನು ನಾವೆಲ್ಲರೂ ಬಲ್ಲೆವು. ಯೇಸುಸ್ವಾಮಿಯನ್ನು ಕಾಣಲು ಅತ್ತಿಮರ ಹತ್ತಿದ ಕುಳ್ಳ ಮನುಷ್ಯನೆಂದು ಮಕ್ಕಳಿಗೂ ಗೊತ್ತು. ಆದರೆ ಮರದಿಂದ ಇಳಿದ ಮೇಲೆ ಆತ ಮಾಡಿದ್ದನ್ನು ನಾವು ಬೇಗ ಮರೆಯುತ್ತೇವೆ. ಆತ ಬರಿದೆ ಕ್ಷಮೆ ಕೇಳಲಿಲ್ಲ, ಲೆಕ್ಕ ಒಪ್ಪಿಸಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ವಾಪಸು. ಆ ಮಾತಿನ ನಂತರವೇ ಆ ಮನೆಗೆ ರಕ್ಷಣೆ ಬಂದಿತೆಂದು ಪ್ರಭು ಸಾರಿದರು.

ಇಂದು ಇಡೀ ಮನುಕುಲವೇ ಇಂಥ ಲೆಕ್ಕದ ಮುಂದೆ ನಿಂತಿದೆ. ಎರಡು ಶತಮಾನಗಳಿಂದ ಕಲ್ಲಿದ್ದಲು, ಎಣ್ಣೆ ಸುಟ್ಟು ನಾವು ಆಕಾಶಕ್ಕೆ ತುಂಬಿದ ಇಂಗಾಲದ ಡೈಆಕ್ಸೈಡ್ ತಾನಾಗಿ ಬೇಗ ಕರಗುವುದಿಲ್ಲ. ಆದ್ದರಿಂದ 2015ರಲ್ಲಿ ಪ್ಯಾರಿಸಿನಲ್ಲಿ ಸೇರಿದ ರಾಷ್ಟ್ರಗಳು ಒಂದು ಮಾತಿಗೆ ಒಪ್ಪಿದವು. ಈ ಶತಮಾನದ ಉತ್ತರಾರ್ಧದಲ್ಲಿ ನಾವು ಹೊರಗೆ ಬಿಡುವ ಅನಿಲಕ್ಕೂ ಗಾಳಿಯಿಂದ ಹಿಂದಕ್ಕೆ ತೆಗೆಯುವ ಅನಿಲಕ್ಕೂ ಸಮತೋಲ ಬರಬೇಕು. ಕಾಡು ಬೆಳೆಸಿ ತೆಗೆಯಬಹುದು, ಯಂತ್ರಗಳಿಂದಲೂ ತೆಗೆಯಬಹುದು. ಇದು ಒಳ್ಳೆಯ ಕೆಲಸ, ಕದ್ದದ್ದನ್ನು ಹಿಂದಿರುಗಿಸಿದಂತೆ. ಆದರೆ ಹಿಂದಿರುಗಿಸಿದ್ದು ನಿಜವೇ ಎಂದು ನೋಡುವವರು ಯಾರು?

ಈ ಪಾಠವನ್ನು ನಮ್ಮ ಧರ್ಮಸಭೆಯೇ ಕಲಿಯಬೇಕಾಯಿತು. 2007ರಲ್ಲಿ ಕಂಪೆನಿಯೊಂದು ವ್ಯಾಟಿಕನ್ನಿಗೆ ಒಂದು ಕೊಡುಗೆ ನೀಡಲು ಮುಂದೆ ಬಂದಿತು. ಹಂಗೇರಿ ದೇಶದಲ್ಲಿ ಕಾಡು ಬೆಳೆಸಿ, ವ್ಯಾಟಿಕನ್ನಿನ ಅನಿಲವನ್ನೆಲ್ಲ ಆ ಮರಗಳು ಹೀರುವಂತೆ ಮಾಡುತ್ತೇವೆ ಎಂದಿತು. ವ್ಯಾಟಿಕನ್ ಸಂತೋಷದಿಂದ ಒಪ್ಪಿತು. ಜಗತ್ತಿನ ಪತ್ರಿಕೆಗಳು ಹೊಗಳಿದವು. 2010ರಲ್ಲಿ ಅಮೆರಿಕದ ಪತ್ರಿಕೆಯೊಂದು ವಿಚಾರಿಸಿ ವರದಿ ಮಾಡಿತು: ಆ ಕಾಡಿಗಾಗಿ ಒಂದು ಮರವನ್ನೂ ನೆಟ್ಟಿರಲಿಲ್ಲ! ಕಾಡು ಕಾಗದದ ಮೇಲೆಯೇ ಉಳಿದಿತ್ತು.

ಅದೇ ವ್ಯಾಟಿಕನ್ 2008ರಲ್ಲಿ ಆರನೆಯ ಪೌಲರ ಹೆಸರಿನ ಸಭಾಂಗಣದ ಮಾಡಿನ ಮೇಲೆ ಸುಮಾರು 2,400 ಸೌರಫಲಕಗಳನ್ನು ಹಾಕಿಸಿತು. ಇದು ಕಣ್ಣಿಗೆ ಕಾಣುವ ಕೆಲಸ. ದೂರದ ನಾಡಿನಲ್ಲಿ ಬೇರೆಯವರು ನಮ್ಮ ಪರವಾಗಿ ಮಾಡುವ ಪ್ರಾಯಶ್ಚಿತ್ತಕ್ಕೂ ನಮ್ಮ ಮಾಡಿನ ಮೇಲೆ ನಾವೇ ಮಾಡಿದ ತಿದ್ದುಪಡಿಗೂ ಎಷ್ಟು ಅಂತರ ನೋಡಿ!

ಇಂಥ ಅನುಭವಗಳಿಂದಲೇ ಕಟ್ಟುನಿಟ್ಟಿನ ನಿಯಮಗಳು ಬೇಕೆಂದು ಜಗತ್ತಿಗೆ ಅರಿವಾಗಿದೆ. 2024ರಲ್ಲಿ ಯೂರೋಪಿನ ಒಕ್ಕೂಟ ಒಂದು ಕಾನೂನು ತಂದಿತು. ಗಾಳಿಯಿಂದ ಅನಿಲ ತೆಗೆದೆವು ಎಂದು ಅದರಡಿ ಪ್ರಮಾಣಪತ್ರ ಬಯಸುವವರು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು. ಎಷ್ಟು ತೆಗೆದಿರಿ, ಅಳತೆ ಎಲ್ಲಿ? ಹೇಗೂ ಆಗುತ್ತಿದ್ದುದಕ್ಕಿಂತ ಇದು ಹೆಚ್ಚೇ? ತೆಗೆದದ್ದು ಬಹುಕಾಲ ಉಳಿದೀತೇ? ಇದರಿಂದ ಪರಿಸರಕ್ಕೆ ಬೇರೆ ಕೇಡಿಲ್ಲವಷ್ಟೇ? ಅದೇ ಒಕ್ಕೂಟ 2021ರ ಕಾನೂನಿನಲ್ಲಿ ಇನ್ನೊಂದು ಎಚ್ಚರ ವಹಿಸಿದೆ. 2030ರ ಗುರಿಯ ಲೆಕ್ಕದಲ್ಲಿ ಕಾಡು, ಮಣ್ಣುಗಳು ಹೀರುವ ಪಾಲು 22.5 ಕೋಟಿ ಟನ್ನನ್ನು ಮೀರುವಂತಿಲ್ಲ. ಮರ ನೆಡುತ್ತೇವೆ ಎಂಬ ನೆಪದಲ್ಲಿ ಹೊಗೆ ಬಿಡುವುದನ್ನು ಯಾರೂ ಮುಂದುವರಿಸಬಾರದಲ್ಲವೇ?

ಪಾಪನಿವೇದನೆಗೆ ಹೋಗುವ ನಮಗೆ ಇದು ಹೊಸದಲ್ಲ. ಇನ್ನು ಮಾಡೆನೆಂಬ ದೃಢಸಂಕಲ್ಪವಿಲ್ಲದೆ ಪ್ರಾಯಶ್ಚಿತ್ತ ಮಾತ್ರ ಮಾಡಿದರೆ ಸಾಲದು ಎಂದು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಐಸ್‌ಲ್ಯಾಂಡಿನಲ್ಲಿ 2024ರಲ್ಲಿ ಆರಂಭವಾದ ದೊಡ್ಡ ಯಂತ್ರಸ್ಥಾವರ ಪೂರ್ಣವಾಗಿ ನಡೆದರೆ ವರ್ಷಕ್ಕೆ 36,000 ಟನ್ ಅನಿಲ ಹೀರಬಹುದು. ಜಗತ್ತು ಇಂಧನ ಸುಟ್ಟು ಹೊರಬಿಡುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಯಂತ್ರದ ಒಂದು ವರ್ಷದ ದುಡಿಮೆ ನಮ್ಮ ಅರ್ಧ ನಿಮಿಷದ ಹೊಗೆಗೆ ಸಮ! ಪ್ರಭು ಕಲಿಸಿದ ಜಪವನ್ನು ಒಮ್ಮೆ ಹೇಳಿ ಮುಗಿಸುವಷ್ಟರಲ್ಲಿ ಅದೆಲ್ಲ ಕೊಚ್ಚಿಹೋಗುತ್ತದೆ. ಮೊದಲು ಸುಡುವುದನ್ನು ತಗ್ಗಿಸಬೇಕು. ಆಮೇಲೆ ಉಳಿದದ್ದನ್ನು ತೆಗೆಯಬೇಕು.

ಸ್ವರ್ಗಸ್ಥರಾದ ಜಗದ್ಗುರು ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರದಲ್ಲಿ, ಅನಿಲದ ಲೆಕ್ಕವನ್ನು ಕೊಂಡು ಮಾರುವ ವ್ಯವಹಾರ ಹೊಸ ಬಗೆಯ ಸಟ್ಟಾ ಆದೀತೆಂದು ಎಚ್ಚರಿಸಿದ್ದರು. 2023ರ ಪತ್ರದಲ್ಲಿ, ಅನಿಲ ಹೀರುವ ತಂತ್ರಗಳು ಭರವಸೆ ತಂದಿವೆಯೆಂದು ಒಪ್ಪಿಕೊಂಡೇ, ಬಿರುಕಿಗೆ ತೇಪೆ ಹಚ್ಚಿ ಸುಮ್ಮನಾಗುವ ಬುದ್ಧಿ ಬೇಡವೆಂದರು. ಶ್ರೀಮಂತರ ಲೆಕ್ಕ ತೀರಿಸುವ ಕಾಡಿಗಾಗಿ ಬಡವನ ಗೋಮಾಳ ಹೋದರೆ ಅದು ಪ್ರಾಯಶ್ಚಿತ್ತವಲ್ಲ, ಎರಡನೆಯ ಕಳವು. ಜಕ್ಕಾಯ ಹಿಂದಿರುಗಿಸಿದ್ದು ತಾನು ಮೋಸ ಮಾಡಿದ್ದವರಿಗೇ ಎಂಬುದನ್ನು ಮರೆಯಬಾರದು.

ಪ್ರಿಯರೇ, ಸರ್ಕಾರಗಳ ಲೆಕ್ಕ ನಮ್ಮ ಕೈಯಲ್ಲಿಲ್ಲ ನಿಜ. ಮನೆಯ ಲೆಕ್ಕ ಇದೆ. ಈ ವಾರ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ತಂದೆತಾಯಿ ಮಕ್ಕಳು ಕೂಡಿ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಮಳೆಗಾಲದಲ್ಲಿ ಧರ್ಮಕೇಂದ್ರದ ಅಂಗಳದಲ್ಲಿ ಫೋಟೋ ತೆಗೆಸಿಕೊಂಡು ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಹೊಯ್ದವರು ಯಾರು? ನಮ್ಮ ಮನೆಯಲ್ಲಿ ಇಂದಿನಿಂದ ಯಾವುದನ್ನು ನಿಲ್ಲಿಸಬಲ್ಲೆವು?

ಪ್ರಭುವೇ, ಜಕ್ಕಾಯನ ಮನೆಗೆ ಬಂದಂತೆ ನಮ್ಮ ಮನೆಗೂ ಬನ್ನಿ. ಕಾಗದದ ಮೇಲಿನ ಪಶ್ಚಾತ್ತಾಪದಿಂದ ನಮ್ಮನ್ನು ಕಾಪಾಡಿ. ಆಮೆನ್.