ಆ ಕಾಡು ಯಾವ ಪಕ್ಷದ್ದು?

ಕಳೆದ ತಿಂಗಳು ತರಗತಿಯಲ್ಲಿ ಖಾಂಡವದಹನದ ಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದ ಪಾಠ. ಎಲ್ಲಿ ಧ್ವನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಾಲಗೆಗೇ ಗೊತ್ತು. ಅಗ್ನಿಗೆ ಅಜೀರ್ಣ, ಅದಕ್ಕೆ ಮದ್ದಾಗಿ ಒಂದು ಇಡೀ ಕಾಡು. ತಪ್ಪಿಸಿಕೊಂಡು ಓಡುವ ಪ್ರಾಣಿಗಳನ್ನು ಕೃಷ್ಣಾರ್ಜುನರು ತಡೆದು ಮತ್ತೆ ಬೆಂಕಿಗೇ ಒಪ್ಪಿಸುತ್ತಾರೆ. ನಾನು ಕವಿಯ ವರ್ಣನಾಸಾಮರ್ಥ್ಯವನ್ನು ಕೊಂಡಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, “ಆ ಕಾಡು ಯಾವ ಪಕ್ಷದ್ದು, ಸಾರ್?” ಎಂದು ಕೇಳಿದಳು. ಹುಡುಗರು ನಕ್ಕರು. ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋದೆ. ಉತ್ತರ ತಿಳಿಯದಾಗ ನಾವು ಅಧ್ಯಾಪಕರು ಮಾಡುವುದೇ ಹಾಗೆ.

ಮನೆಗೆ ಬಂದ ಮೇಲೂ ಆ ಮಾತು ಬೆನ್ನು ಬಿಡಲಿಲ್ಲ. ಆ ದಿನಗಳಲ್ಲಿ ನಾನು ವಿಯೆಟ್ನಾಮ್ ಯುದ್ಧವನ್ನು ಕುರಿತು ಓದುತ್ತಿದ್ದುದೂ ಅದಕ್ಕೆ ಕಾರಣವಿರಬಹುದು. ಪುರಾಣದ ಖಾಂಡವವನ್ನು ನಂಬದವರೂ ಈ ಖಾಂಡವವನ್ನು ನಂಬಲೇಬೇಕು. ಇದಕ್ಕೆ ತಾರೀಖುಗಳಿವೆ, ಪೀಪಾಯಿಗಳ ಲೆಕ್ಕವಿದೆ.

1962ರ ಜನವರಿಯಿಂದ 1971ರವರೆಗೆ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಮಿನ ಕಾಡುಗಳ ಮೇಲೂ ಗದ್ದೆಗಳ ಮೇಲೂ 7 ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕವನ್ನು ಸುರಿದವು. ಶತ್ರು ಮರಗಳ ಮರೆಯಲ್ಲಿರುತ್ತಾನೆ, ಆದ್ದರಿಂದ ಮರೆಯೇ ಇರಕೂಡದು. ಶತ್ರುವಿಗೆ ಅನ್ನ ಬೇಕು, ಆದ್ದರಿಂದ ಬತ್ತವೂ ಇರಕೂಡದು. ತರ್ಕ ಇಷ್ಟೇ. ಸುರಿದುದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಪೀಪಾಯಿಯ ಮೇಲಿನ ಕಿತ್ತಳೆ ಬಣ್ಣದ ಪಟ್ಟೆಯಿಂದಾಗಿ ‘ಏಜೆಂಟ್ ಆರೆಂಜ್’ ಎಂದು ಹೆಸರಾದದ್ದು. ಅದು ಎರಡು ಕಳೆನಾಶಕಗಳ ಬೆರಕೆ. ಅವುಗಳಲ್ಲಿ ಒಂದು, 2,4-ಡಿ ಎಂಬುದು, ಇಂದಿಗೂ ನಮ್ಮ ರೈತರು ಗೊಬ್ಬರದಂಗಡಿಯಿಂದ ಕೊಂಡೊಯ್ಯುವ ವಸ್ತು. ಇನ್ನೊಂದನ್ನು ತಯಾರಿಸುವಾಗ ಡೈಯಾಕ್ಸಿನ್ ಎಂಬ ಘೋರವಾದ ವಿಷ ಕಲ್ಮಷವಾಗಿ ಸೇರಿಕೊಳ್ಳುತ್ತಿತ್ತು. ಎಲೆ ಉದುರಿಸುವುದಕ್ಕೆ ಆ ವಿಷದ ಅಗತ್ಯವೇ ಇರಲಿಲ್ಲ. ಅದು ಸುಮ್ಮನೆ ಜೊತೆಗೆ ಬಂತು.

ಅಮೆರಿಕದಲ್ಲಿ ಕಾಡ್ಗಿಚ್ಚಿನ ವಿರುದ್ಧ ಜನರನ್ನು ಎಚ್ಚರಿಸುವ ಫಲಕಗಳಿದ್ದುವಂತೆ: ಕಾಡ್ಗಿಚ್ಚನ್ನು ತಡೆಯಬಲ್ಲವನು ನೀನೊಬ್ಬನೇ ಎಂದು. ವಿಷ ಸುರಿಯುವ ವಿಮಾನಿಕರು ಅದರಲ್ಲಿ ‘ಕಿಚ್ಚು’ ಎಂಬ ಮಾತನ್ನು ಮಾತ್ರ ಕಿತ್ತುಹಾಕಿ, ಕಾಡನ್ನು ತಡೆಯಬಲ್ಲವನು ನೀನೊಬ್ಬನೇ ಎಂದು ತಮ್ಮ ಧ್ಯೇಯವಾಕ್ಯ ಮಾಡಿಕೊಂಡಿದ್ದರು. ಭಾಷೆಯಿಂದ ಹೊಟ್ಟೆ ಹೊರೆಯುವ ನನಗೆ ಇದನ್ನು ಓದಿ ನಗೆ ಬಂತು. ನಗೆ ಬಂದುದಕ್ಕೆ ನಾಚಿಕೆಯಾಯಿತು.

ಸೈಗಾನಿನ ದಕ್ಷಿಣಕ್ಕೆ, ನಮ್ಮ ಉತ್ತರ ಕನ್ನಡದ ಅಳಿವೆಗಳಲ್ಲಿ ಕಾಂಡ್ಲಾ ಎಂದು ಕರೆಯುವ ಬಗೆಯ ಮರಗಳ ದೊಡ್ಡ ಕಾಡಿತ್ತು. ಉಪ್ಪುನೀರಿನಲ್ಲಿ ಬೇರುಬಿಟ್ಟು ಏಡಿ, ಸಿಗಡಿ, ಮೀನುಮರಿಗಳಿಗೆ ತೊಟ್ಟಿಲಾಗುವ ಕಾಡು ಅದು. ಮಿಕ್ಕ ಮರಗಳು ಒಂದು ಸಿಂಪಡಿಕೆಯನ್ನು ಹೇಗೋ ತಾಳಿಕೊಂಡು ಚಿಗುರುವುದುಂಟು. ಇವು ಒಂದೇ ಸಲಕ್ಕೆ ಸತ್ತುವು. 1978ರಿಂದ ಅಲ್ಲಿಯ ಜನ ದೂರದಿಂದ ಬೀಜ ತಂದು, ಕೆಸರಿನಲ್ಲಿ ನಿಂತು, ಮತ್ತೆ ನೆಟ್ಟರು. 2000ದಲ್ಲಿ ಯುನೆಸ್ಕೋ ಅದನ್ನು ಜೀವಗೋಳ ಮೀಸಲು ಪ್ರದೇಶವೆಂದು ಮನ್ನಿಸಿತು. ಮರಗಳು ಹೀಗೆ ಕ್ಷಮಿಸಿದಂತೆ ಕಾಣುತ್ತದೆ. ಮಣ್ಣು ಕ್ಷಮಿಸಿಲ್ಲ. ಪೀಪಾಯಿಗಳನ್ನು ಇಟ್ಟಿದ್ದ ಡಾ ನಾಂಗ್ ವಿಮಾನನಿಲ್ದಾಣದಲ್ಲಿ 2012ರಿಂದ 2018ರವರೆಗೆ ಮಣ್ಣನ್ನು ಅಗೆದು, ರಾಶಿ ಹಾಕಿ, 300 ಡಿಗ್ರಿಗೂ ಮೀರಿ ಕಾಯಿಸಿ ವಿಷವನ್ನು ಕಳೆಯಬೇಕಾಯಿತು. ಅದಕ್ಕಿಂತ ಹೆಚ್ಚು ಕೆಟ್ಟಿರುವ ಬಿಯೆನ್ ಹೋವಾದಲ್ಲಿ ಅಂಥ ಕೆಲಸ ಆರಂಭವಾದದ್ದೇ 2019ರಲ್ಲಿ. ಯುದ್ಧ ಮುಗಿದದ್ದು 1975ರಲ್ಲಿ.

ಮನುಷ್ಯರ ಲೆಕ್ಕ? ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ವಾಷಿಂಗ್ಟನ್ನಿನ ಕಪ್ಪುಕಲ್ಲಿನ ಗೋಡೆಯ ಮೇಲೆ ಅವರೆಲ್ಲರ ಹೆಸರುಗಳಿವೆ. ತಮ್ಮಲ್ಲಿ 11 ಲಕ್ಷ ಹೋರಾಟಗಾರರೂ 20 ಲಕ್ಷ ನಾಗರಿಕರೂ ಸತ್ತರೆಂದು ವಿಯೆಟ್ನಾಮ್ ಸರಕಾರ 1995ರಲ್ಲಿ ಹೇಳಿತು. ಇದು ಸತ್ತವರ ಮಾತು. ಆಗ ಹುಟ್ಟಿಯೇ ಇರದವರ ಮಾತು ಬೇರೆ. ವಿಷದಿಂದ ನೊಂದವರು, ಅವರ ಮಕ್ಕಳು ಮೊಮ್ಮಕ್ಕಳು ಸೇರಿ 30 ಲಕ್ಷ ಎಂದು ಅಲ್ಲಿಯ ರೆಡ್ ಕ್ರಾಸ್ ಎಣಿಸುತ್ತದೆ. ಅಮೆರಿಕದ ಸರಕಾರ ಈ ಎಣಿಕೆಯನ್ನು ಒಪ್ಪಿಲ್ಲ.

ಇಲ್ಲಿ ಖಾಂಡವದ ಅಶ್ವಸೇನ ನೆನಪಾಗುತ್ತಾನೆ. ಆ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡು ತಾನೊಬ್ಬ ಬದುಕಿ ಉಳಿದ ಹಾವಿನ ಮರಿ. ಎಷ್ಟೋ ವರ್ಷಗಳ ಮೇಲೆ ಕರ್ಣನ ಬಾಣದಲ್ಲಿ ಸೇರಿ ಅರ್ಜುನನ ಕೊರಳಿಗೆ ಬಂದ. ಆದರೆ ವಿಯೆಟ್ನಾಮಿನ ಮಕ್ಕಳ ಕೈಯಲ್ಲಿದ್ದ ಬಾಣ ಒಂದು ಅರ್ಜಿ ಮಾತ್ರ.

ಆ ಅರ್ಜಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಷ ತಯಾರಿಸಿದ ಕಂಪೆನಿಗಳ ಮೇಲೆ ಮೊದಲು ದಾವೆ ಹೂಡಿದವರು ಅಮೆರಿಕದ ಮಾಜಿ ಸೈನಿಕರೇ. 1984ರಲ್ಲಿ ಕಂಪೆನಿಗಳು 18 ಕೋಟಿ ಡಾಲರ್ ಕೊಟ್ಟು ರಾಜಿಯಾದುವು, ತಪ್ಪನ್ನು ಮಾತ್ರ ಒಪ್ಪಲಿಲ್ಲ. 1991ರ ಕಾನೂನಿನಿಂದ, ಅಲ್ಲಿ ದುಡಿದ ಸೈನಿಕನಿಗೆ ಪಟ್ಟಿಯಲ್ಲಿರುವ ರೋಗ ಬಂದರೆ ವಿಷವೇ ಕಾರಣವೆಂದು ಅವನ ಸರಕಾರ ಭಾವಿಸಿಕೊಳ್ಳುತ್ತದೆ. ಅವನು ರುಜುವಾತು ಮಾಡಬೇಕಾಗಿಲ್ಲ. ವಿಯೆಟ್ನಾಮಿನ ಜನ 2004ರಲ್ಲಿ ನ್ಯೂಯಾರ್ಕಿನ ಅದೇ ನ್ಯಾಯಾಲಯಕ್ಕೆ ಹೋದರು. 1984ರ ರಾಜಿಯನ್ನು ನಡೆಸಿಕೊಟ್ಟ ನ್ಯಾಯಾಧೀಶರೇ 2005ರಲ್ಲಿ ಆ ದಾವೆಯನ್ನು ವಜಾ ಮಾಡಿದರು: ಅಂದಿನ ಅಂತರರಾಷ್ಟ್ರೀಯ ನ್ಯಾಯ ಸಸ್ಯನಾಶಕವನ್ನು ನಿಷೇಧಿಸಿರಲಿಲ್ಲ ಎಂದು. ನ್ಯಾಯಾಧೀಶರನ್ನು ನಾನು ದೂರುವುದಿಲ್ಲ. ಆದರೂ ಮೇಲೆ ವಿಮಾನದಲ್ಲಿದ್ದವನಿಗೆ ತಾಗಿತೆಂದು ಸಂದೇಹದ ಲಾಭ ಕೊಟ್ಟ ವಿಷ, ಕೆಳಗೆ ಗದ್ದೆಯಲ್ಲಿದ್ದವಳಿಗೆ ತಾಗಿತೆನ್ನಲು ಸಾಕ್ಷಿ ಬೇಕೆನ್ನುವುದು ಎಂಥ ವ್ಯಾಕರಣ?

ಕಾನೂನು ಆಮೇಲೆ ಬಂತು. 1977ರ ಜಿನೀವಾ ಒಪ್ಪಂದದ ಅನುಬಂಧ, ಪ್ರಕೃತಿಗೆ ವ್ಯಾಪಕವೂ ದೀರ್ಘಕಾಲಿಕವೂ ತೀವ್ರವೂ ಆದ ಹಾನಿ ಮಾಡುವ ಯುದ್ಧವಿಧಾನಗಳನ್ನು ನಿಷೇಧಿಸುತ್ತದೆ. ಮೂರೂ ವಿಶೇಷಣಗಳು ಕೂಡಿಬಂದರೆ ಮಾತ್ರ ಅಪರಾಧ, ‘ಅಥವಾ’ ಇಲ್ಲ. ಅಮೆರಿಕ ಅದನ್ನು ಸ್ಥಿರೀಕರಿಸಿಲ್ಲ. ನಮ್ಮ ದೇಶವೂ ಅದಕ್ಕೆ ಸೇರಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಈ ಹೊಣೆಗೇಡಿತನದ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದವನು ಆರ್ಥರ್ ಗಾಲ್ಸ್ಟನ್ ಎಂಬ ಸಸ್ಯವಿಜ್ಞಾನಿ. 1943ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ರಬಂಧಕ್ಕಾಗಿ ಆತ ಸೋಯಾ ಅವರೆಯ ಗಿಡ ಬೇಗ ಹೂ ಬಿಡುವಂತೆ ಮಾಡುವುದು ಹೇಗೆಂದು ಹುಡುಕುತ್ತಿದ್ದ. ಒಂದು ರಾಸಾಯನಿಕದಿಂದ ಅದು ಸಾಧ್ಯವಾಯಿತು. ಪ್ರಮಾಣ ಹೆಚ್ಚಾದರೆ ಎಲೆಗಳು ಉದುರುತ್ತವೆ ಎಂಬುದನ್ನೂ ಆತ ಬರೆದಿಟ್ಟ. ಆ ಮಾತನ್ನು ಸೈನ್ಯದ ಸಂಶೋಧಕರು ಓದಿದರೆಂದು ಆತನಿಗೆ ತಿಳಿದದ್ದು ಎಷ್ಟೋ ಆಮೇಲೆ. ಆತನ ರಾಸಾಯನಿಕ ಬೇರೆ, ವಿಯೆಟ್ನಾಮಿನಲ್ಲಿ ಸುರಿದದ್ದು ಬೇರೆ. ಯಾವ ನ್ಯಾಯಾಲಯವೂ ಆತನನ್ನು ಕರೆಯುತ್ತಿರಲಿಲ್ಲ. ಕರೆಯದೆಯೇ ಆತ ಬಂದ. ಸಸ್ಯವಿಜ್ಞಾನಿಗಳನ್ನು ಕೂಡಿಸಿದ, ಸರಕಾರಕ್ಕೆ ಬರೆದ, ವಿಯೆಟ್ನಾಮಿಗೆ ಹೋಗಿ ಕಣ್ಣಾರೆ ನೋಡಿದ. 1970ರಲ್ಲಿ ಈ ಅಪರಾಧಕ್ಕೊಂದು ಹೊಸ ಹೆಸರನ್ನೇ ಕಟ್ಟಿದ. ನಾವು ಪರಿಸರಹತ್ಯೆ ಎನ್ನಬಹುದು. ಹಸಿ ಮರವನ್ನು ಸೌದೆಗಾಗಿ ಕಡಿಯುವುದನ್ನು ನಮ್ಮ ಧರ್ಮಶಾಸ್ತ್ರಕಾರರು ಉಪಪಾತಕಗಳಲ್ಲಿ ಸೇರಿಸಿದ್ದಾರೆ. ಒಂದು ಕಾಡನ್ನೇ ಕೊಲ್ಲುವವರುಂಟೆಂದು ಅವರಿಗೆ ತೋಚಿರಲಾರದು.

ಅತ್ಯಂತ ಕಡಿಮೆ ಪಾಲಿದ್ದವನು ತನ್ನ ಪಾಲನ್ನು ಕೇಳಿ ತೆಗೆದುಕೊಂಡ. ದೊಡ್ಡ ಪಾಲಿನವರು, ಆಜ್ಞೆಯಿತ್ತವರೂ ಮಾರಿದವರೂ, ಎಳೆ ಎಲ್ಲಿದೆ ತೋರಿಸಿ ಎಂದರು. ಹೊಣೆ ಎಂಬುದು ಇನ್ನೊಬ್ಬರು ಹೊರಿಸುವ ಹೊರೆಯೆಂದೇ ನಾನು ಈವರೆಗೆ ತಿಳಿದಿದ್ದೆ. ಈಗ ಆ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ಪ್ರಾಣಿಗಳು ಬೇಯುವ ವರ್ಣನೆಯನ್ನು ಇಪ್ಪತ್ತು ವರ್ಷ ‘ಅದ್ಭುತ’ ಎಂದು ಹೇಳಿಕೊಟ್ಟು, ಪರೀಕ್ಷೆಗೆ ಸ್ವಾರಸ್ಯ ಬರೆಯಿಸಿದವನಿಗೂ ಏನೋ ಒಂದು ಸಣ್ಣ ಪಾಲಿರಬೇಕೆನಿಸುತ್ತದೆ.

ಮುಂದಿನ ಸೋಮವಾರ ಪಾಠ ನಿಲ್ಲಿಸಿ ಆ ಹುಡುಗಿಗೆ ಗಾಲ್ಸ್ಟನ್ನನ ಕಥೆ ಹೇಳಿದೆ. ಅವಳು ಕೇಳಿಸಿಕೊಂಡು, “ಅವನು ಸುರಿಯಲಿಲ್ಲವಲ್ಲ ಸಾರ್, ಅವನೇಕೆ ಹೋದ?” ಎಂದಳು. ಗಂಟೆ ಹೊಡೆಯಿತು. ಈ ಸಲ ನಾನು ಪುಸ್ತಕ ಮುಚ್ಚದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.