ಕನಿಕರ ಮತ್ತು ಬೀಗದಕೈ

ಗುಬ್ಬಿಯ ಕಡೆಯವನಾದ ನನಗೆ ನಾಟಕದ ಕಳ್ಳನ ಮೇಲೆ ಮೊದಲಿನಿಂದಲೂ ಪ್ರೀತಿ. ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ನೆನೆದು ಹಿರಿಯರು ನಗುತ್ತಿದ್ದುದನ್ನು ಕೇಳಿಯೇ ನಾನು ಬೆಳೆದವನು. ರಂಗದ ಮೇಲಿನ ಕಳ್ಳ ಸಿಕ್ಕಿಬೀಳದಿದ್ದರೆ ನೋಡುವವನಿಗೆ ಸಂತೋಷವೇ. ಅವನು ಕದ್ದದ್ದು ನಮ್ಮ ಮನೆಯದಲ್ಲವಷ್ಟೆ!

ಆದರೆ 2013ರ ಆಗಸ್ಟ್ 31ರಂದು ತುಮಕೂರಿನ ನ್ಯಾಯಾಲಯಕ್ಕೆ ಕರೆತಂದಿದ್ದ ಜೈಶಂಕರ್ ಎಂಬ ಕೈದಿ ನಾಟಕದ ಕಳ್ಳನಲ್ಲ. ಹೆಂಗಸರ ಮೇಲಿನ ಅತ್ಯಾಚಾರ, ಕೊಲೆಗಳ ಮೊಕದ್ದಮೆಗಳು ಅವನ ಮೇಲಿದ್ದುವು. ಪರಪ್ಪನ ಅಗ್ರಹಾರದ ಸೆರೆಮನೆಗೆ ಮರಳಿದ ಅವನು ಬೆಳಗಾಗುವುದರೊಳಗೆ ಗೋಡೆ ಹಾರಿ ಓಡಿಹೋದ. ಹನ್ನೊಂದು ಮಂದಿ ಸಿಬ್ಬಂದಿ ಅಮಾನತಾದರು. ಸೆಪ್ಟೆಂಬರ್ 6ರಂದು ಅವನು ಸಿಕ್ಕುವವರೆಗೆ ಕುಣಿಗಲ್ಲಿನಲ್ಲಿ ನನ್ನ ಅಕ್ಕ ಸಂಜೆಯಾಗುತ್ತಲೇ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು. “ಕಾಯೋರು ಕಣ್ಣು ಮುಚ್ಚಿಕೊಂಡಿದ್ರೇನೋ?” ಎಂದು ಅವಳು ಕೇಳಿದಾಗ ನನಗೂ ಸಿಟ್ಟು ಬಂದಿತ್ತು. ಮುಂದೆ ಆ ಕಥೆ ‘ಸೈಕೋ ಶಂಕ್ರ’ ಎಂಬ ಕನ್ನಡ ಚಿತ್ರಕ್ಕೆ ವಸ್ತುವಾಯಿತು. ಅದನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ಅಂಥ ನಾನು ಮೊನ್ನೆ ಅಮೆರಿಕದ ‘ಎಸ್ಕೇಪ್ ಅಟ್ ಡ್ಯಾನೆಮೋರಾ’ ಎಂಬ ಧಾರಾವಾಹಿಯನ್ನು ಆಸೆಯಿಂದ ನೋಡಿದೆ. 2018ರಲ್ಲಿ ಬೆನ್ ಸ್ಟಿಲ್ಲರ್ ನಿರ್ದೇಶಿಸಿದ ಏಳು ಕಂತುಗಳ ಕಥೆ. ನಡೆದದ್ದು 2015ರ ಜೂನ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲಿಂಟನ್ ಸೆರೆಮನೆಯಲ್ಲಿ. ಅಲ್ಲಿನ ಹೊಲಿಗೆ ವಿಭಾಗದ ಉದ್ಯೋಗಿ ಜಾಯ್ಸ್ ಮಿಚೆಲ್ ಹೆಪ್ಪುಗಟ್ಟಿಸಿದ ಮಾಂಸದಲ್ಲಿ ಗರಗಸದ ಅಲಗುಗಳನ್ನು ಹುದುಗಿಸಿ ಕಳುಹಿಸಿದಳು. ಕಾವಲುಗಾರನೊಬ್ಬ ಪರೀಕ್ಷಿಸದೆ ಅದನ್ನು ಒಳಕ್ಕೆ ಒಯ್ದ. ಇಬ್ಬರು ಕೊಲೆಗಾರರು ಕೋಣೆಯ ಗೋಡೆಯನ್ನೂ ಉಗಿಯ ಕೊಳವೆಯನ್ನೂ ಕುಯ್ದು, ಬೀದಿಯ ಮ್ಯಾನ್‌ಹೋಲಿನಿಂದ ಹೊರಬಂದರು.

ಕಾವಲುಗಾರನ ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ನಾನು ಉಸಿರು ಬಿಗಿಹಿಡಿದು, “ಬೇಗ ಕುಯ್ಯಪ್ಪ” ಎಂದುಕೊಳ್ಳುತ್ತಿದ್ದೆ. ಆರನೆಯ ಕಂತಿನಲ್ಲಿ ಕಥೆ ಹಿಂದಕ್ಕೆ ಹೋಗುತ್ತದೆ. ಆ ಇಬ್ಬರಲ್ಲೊಬ್ಬ 2002ರಲ್ಲಿ ಕೆವಿನ್ ಟಾರ್ಸಿಯಾ ಎಂಬ ಪೊಲೀಸು ಅಧಿಕಾರಿಯನ್ನು ಕೊಂದುದನ್ನು ಅಲ್ಲಿ ತೋರಿಸುತ್ತಾರೆ. ನನಗೆ ನಾಚಿಕೆಯಾಯಿತು.

ಯೋಚಿಸಿದರೆ, ಆ ಹೆಂಗಸಿಗೂ ಆದದ್ದು ಇದೇ ಅಲ್ಲವೆ? ದಿನವೂ ಅವಳ ಕಣ್ಣೆದುರಿಗಿದ್ದವನು ಹೊಲಿಗೆಯಂತ್ರದ ಮುಂದೆ ಕುಳಿತು ಹಿತವಾಗಿ ಮಾತಾಡುವ ಮನುಷ್ಯ. ಸತ್ತವನು ಆ ಕೋಣೆಗೆ ಎಂದೂ ಬರಲಿಲ್ಲ.

ಹಾಗೆಂದು ಸೆರೆಮನೆಯವರು ಕಲ್ಲಾಗಿರಬೇಕೆ? ಕೂಡದು. ಕನಿಕರವಿಲ್ಲದ ಸೆರೆಮನೆ ನರಕವಾದೀತು. ಕೈದಿಗೆ ಒಳ್ಳೆಯ ಮಾತಾಡಲಿ, ಕಾಯಿಲೆಯಾದಾಗ ನೋಡಿಕೊಳ್ಳಲಿ, ಅನ್ಯಾಯವಾಗಿದ್ದರೆ ಮೇಲಿನವರಿಗೆ ತಿಳಿಸಲಿ. ಇವೆಲ್ಲ ಕೊಡುವವನ ಸ್ವಂತದ್ದು; ಕೊಟ್ಟಷ್ಟೂ ಒಳ್ಳೆಯದೇ. ಬೀಗದಕೈ ಮಾತ್ರ ಅವನದಲ್ಲ. ಎಂದೂ ಕಾಣದ ಜನ ನಂಬಿ ಅವನಲ್ಲಿ ಇರಿಸಿದ ಒಡವೆ ಅದು. ಇನ್ನೊಬ್ಬರ ಒಡವೆಯನ್ನು ದಾನಮಾಡಿದರೆ ಅದನ್ನು ಕರುಣೆಯೆನ್ನಲಾಗದು.

ಮಿಚೆಲ್‌ಗೆ ಶಿಕ್ಷೆಯಾಯಿತು, 2020ರಲ್ಲಿ ಬಿಡುಗಡೆಯೂ ಆಯಿತು. ಅವಳನ್ನು ಹಳಿಯುವ ಧೈರ್ಯ ಈಗ ನನಗೆ ಅಷ್ಟಾಗಿ ಇಲ್ಲ. ನನ್ನ ಕೈಯಲ್ಲಿ ಅಂದು ಇದ್ದುದು ಕಾಫಿಯ ಲೋಟವೆಂಬುದೇ ಪುಣ್ಯ. ಬೀಗದಕೈ ಇದ್ದಿದ್ದರೆ, ಕುಣಿಗಲ್ಲಿನಲ್ಲಿ ಅಗುಳಿ ಹಾಕಿ ಕುಳಿತ ಅಕ್ಕ ನನಗೆ ನೆನಪಾಗುತ್ತಿದ್ದಳೇ?