ಪಿಂಗಾಣಿಯ ವಾದಕ

18ನೆಯ ಶತಮಾನದಲ್ಲಿ ಜರ್ಮನಿಯ ಮೈಸೆನ್ ಕಾರ್ಖಾನೆಯಲ್ಲಿ ರೂಪುಗೊಂಡ ಪುಟ್ಟ ವಾದಕನೊಬ್ಬನನ್ನು ಕಲ್ಪಿಸಿಕೊಳ್ಳಿ. ತುಟಿಗೆ ಕೊಳಲು, ಹೂಚಿತ್ತಾರದ ನಿಲುವಂಗಿ, ಕೆನ್ನೆಯಲ್ಲಿ ನಸುಗೆಂಪು. ಅರಮನೆಯ ಔತಣದ ಮೇಜುಗಳಲ್ಲಿ ಹಿಂದೆ ಸಕ್ಕರೆಯ ಬೊಂಬೆಗಳಿದ್ದ ಸ್ಥಾನವನ್ನು ಇಂತಹ ಬೊಂಬೆಗಳು ಪಡೆದವು.

ಈ ಚೆಲುವಿನ ಮೂಲದಲ್ಲಿ ಒಬ್ಬ ಸೆರೆಯಾಳಿದ್ದಾನೆ. ಚಿನ್ನವನ್ನು ತಯಾರಿಸಬಲ್ಲೆನೆಂದು ಹೇಳಿಕೊಂಡ ಬ್ಯೋಟ್‌ಗರ್ ಎಂಬ ತರುಣನನ್ನು ಸ್ಯಾಕ್ಸನಿಯ ದೊರೆ ಅಗಸ್ಟಸ್ ಬಂಧನದಲ್ಲಿರಿಸಿದನು. ಚಿನ್ನ ಸಿಗಲಿಲ್ಲ. ಆದರೆ ವಿದ್ವಾಂಸನಾದ ಚಿರ್ನ್‌ಹೌಸ್‌ನೊಡನೆ ದುಡಿದಾಗ, 1708ರ ಸುಮಾರಿಗೆ, ಯುರೋಪು ಅದುವರೆಗೆ ಅರಿಯದಿದ್ದ ಗಟ್ಟಿ ಪಿಂಗಾಣಿಯ ಗುಟ್ಟು ಒಲಿಯಿತು. 1710ರಲ್ಲಿ ಕಾರ್ಖಾನೆ ಆರಂಭವಾಯಿತು. ಬ್ಯೋಟ್‌ಗರ್‌ಗೆ ಬಿಡುಗಡೆ ದೊರೆತದ್ದು 1714ರಲ್ಲಿ. 1719ರಲ್ಲಿ, 37ನೆಯ ವಯಸ್ಸಿಗೇ, ಅವನು ಮಡಿದನು.

ಅವನು ಸುಳ್ಳುಗಾರನಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ದೊರೆ ಅವನನ್ನು ಕೂಡಿಹಾಕಿದ್ದು ಸುಳ್ಳಿಗೆ ಶಿಕ್ಷೆಯಾಗಿ ಅಲ್ಲ, ಆ ಸುಳ್ಳನ್ನು ನಂಬಿ! ಒಬ್ಬ ಮನುಷ್ಯನನ್ನು ಕೇವಲ ಸಂಪತ್ತಿನ ಸಾಧನವಾಗಿ ಕಂಡದ್ದೇ ಇಲ್ಲಿಯ ಅನ್ಯಾಯ.

ಹಾಗಾದರೆ ಈ ಬೊಂಬೆಯನ್ನು ಮೆಚ್ಚುವುದು ತಪ್ಪೇ? ತಪ್ಪೆಂದು ನನಗೆ ತೋರದು. ಮಣ್ಣು ಯಾರನ್ನೂ ಸೆರೆಯಲ್ಲಿಟ್ಟಿಲ್ಲ. 1731ರಲ್ಲಿ ಅಲ್ಲಿಗೆ ಬಂದ ಶಿಲ್ಪಿ ಕೆಂಡ್ಲರ್‌ನ ಪ್ರತಿಭೆಯೂ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ತೆತ್ತವರನ್ನು ಮರೆತ ಮೆಚ್ಚುಗೆ ನನಗೆ ಅರೆಗುರುಡಾಗಿ ಕಾಣುತ್ತದೆ. ಮೈಸೆನ್ನಿನ ಇಂತಹ ಬೊಂಬೆಗಳನ್ನು ತಿರುವಿ ನೋಡಿದರೆ ಎಷ್ಟೋ ವೇಳೆ ತಳದಲ್ಲಿ ನೀಲಿಯ ಜೋಡಿ ಕತ್ತಿಗಳು ಕಾಣುತ್ತವೆ. ಅವು ದೊರೆಯ ಲಾಂಛನದವು. ಆ ಕೆನ್ನೆಗೆ ಕೆಂಪು ಹಚ್ಚಿದ ಕೈ ಯಾರದೆಂಬುದು ಸಾಮಾನ್ಯವಾಗಿ ಅಲ್ಲಿ ಬರೆದಿರುವುದಿಲ್ಲ.